ಸಹಾಯ ಬೇಕು: ಡಿಸೈನ್ ಬಿಡದೆ ವೆಬ್ ಪ್ರಾಜೆಕ್ಟ್ ಮ್ಯಾನೇಜರ್ ಆಗೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು 4 ವರ್ಷದಿಂದ ಗ್ರಾಫಿಕ್ ಡಿಸೈನರ್. ಲೋಗೊ, ಬ್ಯಾನರ್, ಫಿಗ್ಮಾದಲ್ಲಿ ವೆಬ್ ಪುಟಗಳು, ಇದೇ ಕೆಲಸ.

ಹೋದ ತಿಂಗಳು ಮ್ಯಾನೇಜರ್ ರಜೆಯಲ್ಲಿದ್ದಾಗ ಒಂದು ವೆಬ್‌ಸೈಟ್ ಪ್ರಾಜೆಕ್ಟ್ ನಾನೇ ನೋಡಿಕೊಳ್ಳಬೇಕಾಯಿತು. ಹೋಮ್ ಪೇಜ್ ಒಪ್ಪಿಕೊಂಡ ಮೇಲೆ ಗ್ರಾಹಕರು "ಒಂದು ಸಣ್ಣ ಬದಲಾವಣೆ" ಅಂತ ಮೆನು ಪೂರ್ತಿ ಬದಲಿಸಲು ಕೇಳಿದರು. ನಾನು ಸುಮ್ನೆ ಹೂಂ ಅಂದುಬಿಟ್ಟೆ. ಡೆವಲಪರ್ ಆಗಲೇ ಕೋಡ್ ಬರೆದು ಮುಗಿಸಿದ್ದರು! ಮೂರು ರಾತ್ರಿ ಎಲ್ಲರೂ ಕೂತು ಸರಿ ಮಾಡಿದೆವು. ಏನೇನು ಮಾಡುತ್ತೇವೆ, ಎಷ್ಟು ಸಲ ತಿದ್ದುತ್ತೇವೆ ಅಂತ ಮೊದಲೇ ಬರೆದಿಡಬೇಕಿತ್ತು, ಅಲ್ವಾ? ಆದರೂ ಈ ಕೆಲಸ ನನಗೆ ತುಂಬಾ ಹಿಡಿಸಿತು. ಇದರಲ್ಲೇ ಮುಂದೆ ಹೋಗುವ ಆಸೆ.

ಪಿಎಂಪಿ ಅನ್ನೋ ಪ್ರಾಜೆಕ್ಟ್ ಮ್ಯಾನೇಜರ್ ಪ್ರಮಾಣಪತ್ರಕ್ಕೆ ವರ್ಷಗಟ್ಟಲೆ ಪ್ರಾಜೆಕ್ಟ್ ನಡೆಸಿದ ಅನುಭವ ಬೇಕು, ನನಗದಿಲ್ಲ. ಹೊಸಬರಿಗೆ ಅಂತಲೇ ಇರುವ ಸಿಎಪಿಎಂ ಪ್ರಮಾಣಪತ್ರದ ಪರೀಕ್ಷೆಗೆ ಅನುಭವ ಕೇಳುವುದಿಲ್ಲ, 23 ಗಂಟೆಗಳ ತರಬೇತಿ ಆಗಿರಬೇಕು. ಅದನ್ನು ಮಾಡಿದವರಿದ್ದೀರಾ? ಕೆಲಸ ಸಿಗಲು ನಿಜವಾಗಿ ನೆರವಾಯಿತಾ, ಅಥವಾ ಇರುವ ತಂಡದಲ್ಲೇ ಸಣ್ಣ ಪ್ರಾಜೆಕ್ಟ್ ಕೇಳಿ ಪಡೆಯೋದು ಮೇಲಾ?

ಇನ್ನೊಂದು, ಇದೇ ನನಗೆ ಜಾಸ್ತಿ ಮುಖ್ಯ. ಪೋರ್ಟ್‌ಫೋಲಿಯೊದಲ್ಲಿ ಚಿತ್ರ ತೋರಿಸಬಹುದು, ಆದರೆ ವೇಳಾಪಟ್ಟಿ, ಮಾತುಕತೆ, ತಂಡ ನಡೆಸಿದ ರೀತಿಯನ್ನು ಹೇಗೆ ತೋರಿಸೋದು? ನಿಮ್ಮದರಲ್ಲಿ ಹೇಗೆ ಬರೆದಿದ್ದೀರಿ ಅಂತ ದಯವಿಟ್ಟು ತಿಳಿಸಿ.