ಈ ವಾರದ ಸಮಸ್ಯೆ: ಹೊಗಳಲೊಲ್ಲದ ಕವಿ

ಪೃಚ್ಛಕ: ಭಾಮಿನಿ ಷಟ್ಪದಿಯ ಆರನೆಯ ಸಾಲು ಇಲ್ಲಿದೆ, ಉಳಿದ ಐದು ನಿಮ್ಮವು. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದ ಹೊಂದಿಕೆ, ತಪ್ಪಬಾರದು.

ಹೊಗಳಲೊಲ್ಲದ ಕವಿಯ ಕಂಡರಸಂಗೆ ಹಿಗ್ಗಾಯ್ತು

ಹರಟೆಮಲ್ಲ:
ಹಗಲಿರುಳು ಕವಿವೃಂದವೋದಲು
ಬಗೆಬಗೆಯ ಬಿರುದುಗಳ ಸುರಿಯುತ
ಮುಗಿಯಿತೆನ್ನುತ ಬೊಕ್ಕಸದ ಹೊಣೆಗಾರ ಬಿಕ್ಕಿರಲು
ನಗದು ಕೇಳದೆ ನಡೆದನೊಬ್ಬನು
ಬಗಲ ಜೋಳಿಗೆ ಬಿಚ್ಚದಿರಲಾ
ಹೊಗಳಲೊಲ್ಲದ ಕವಿಯ ಕಂಡರಸಂಗೆ ಹಿಗ್ಗಾಯ್ತು

ಪೃಚ್ಛಕ: ಬೊಕ್ಕಸದವನ ಬಿಕ್ಕು ಚೆನ್ನಾಗಿದೆ! ಗಂಭೀರ ಪೂರಣವೂ ಬರಲಿ.

ಗುಮ್ಮಟದೂರಿನವ: ಸಾಲು ಓದಿದೊಡನೆ ನಮ್ಮ ವಿಜಯಪುರದ ಮಿರ್ಜಾ ನೆನಪಾದ. ಎರಡನೆಯ ಅಲಿ ಆದಿಲ್‌ಶಾಹನ (1656–1672) ಕಾಲದ ದಖನಿ (ದಕ್ಷಿಣದ ಉರ್ದು) ಕವಿ. ಕರ್ಬಲಾದಲ್ಲಿ ಮಡಿದ ಪ್ರವಾದಿಯ ಮೊಮ್ಮಗ ಹುಸೇನರಿಗಾಗಿ ಅಳುವ ಮರ್ಸಿಯಾಗಳೇ, ಆ ಶೋಕಗೀತೆಗಳೇ ಅವನ ಬದುಕು. ತನ್ನ ಮೇಲೊಂದು ಪ್ರಶಸ್ತಿ ಬರೆ ಎಂದು ಸುಲ್ತಾನ ಕೇಳಿದಾಗ, ಈ ನಾಲಗೆ ಪ್ರವಾದಿಯ ಮನೆತನಕ್ಕೆ ಮೀಸಲು ಎಂದುಬಿಟ್ಟನೆಂದು ಪ್ರತೀತಿ.

ಜಗದ ದೊರೆಗಳ ಹಾಡಲಾರೆನು
ಬಗೆಯೊಳಿರುವವನೊಬ್ಬನಲ್ಲದೆ
ಮುಗಿಯೆನಾರಿಗು ಕೈಯನೆಂದನು ಮರ್ಸಿಯಾ ಕವಿಯು
ಸೊಗದ ಹುಸಿನುಡಿ ಮಾರುವವರೊಳು
ಬಿಗಿದ ನಾಲಗೆಯೊಂದು ದೊರೆಯಲು
ಹೊಗಳಲೊಲ್ಲದ ಕವಿಯ ಕಂಡರಸಂಗೆ ಹಿಗ್ಗಾಯ್ತು

ಹರಟೆಮಲ್ಲ: ಪದ್ಯಕ್ಕೆ ನಮಸ್ಕಾರ. ಆದರೆ ಒಲ್ಲೆ ಎಂದವನ ಮೇಲೆ ಅರಸ ಹಿಗ್ಗುವುದೆಂದರೆ ತುಸು ಅತಿಯಾಗಲಿಲ್ಲವೇ?

ಗುಮ್ಮಟದೂರಿನವ: ಈ ಅರಸನ ಮಟ್ಟಿಗೆ ಅಲ್ಲ. ಹೊಗಳಲು ಅವನಿಗೆ ನುಸ್ರತಿ ಇದ್ದ. ದೊರೆಯ ದಂಡಯಾತ್ರೆಗಳನ್ನು ‘ಅಲಿನಾಮಾ’ ಎಂಬ ಕಾವ್ಯವಾಗಿಯೇ ಹಾಡಿದವನು. ಜೊತೆಗೆ ಸುಲ್ತಾನ ಸ್ವತಃ ಕವಿ, ‘ಶಾಹಿ’ ಅವನ ಅಂಕಿತ. ಅವನೂ ಮರ್ಸಿಯಾ ಬರೆದಿದ್ದಾನೆ. ಒಂದೇ ದುಃಖವನ್ನು ಹಾಡುವವನ ಮೇಲೆ ಮುನಿಯುವುದು ಹೇಗೆ?

ಮಾತ್ರಾಗಣಕ: ‘ಮರ್ಸಿ–ಯಾಕವಿ–ಯು’ ಎಂದು ಮೂರು ಮಾತ್ರೆ, ನಾಲ್ಕು ಮಾತ್ರೆ, ಕೊನೆಗೊಂದು ಗುರು. ಅರಬ್ಬಿ ಮೂಲದ ಪದ ಕುಮಾರವ್ಯಾಸನ ನಡಿಗೆಗೆ ಇಷ್ಟು ಸಲೀಸಾಗಿ ಒಗ್ಗಿತಲ್ಲ! ಇನ್ನೊಂದು ಮಾತು. ಮುಂದೆ ಲಖನೌದಲ್ಲಿ ಉರ್ದು ಕವಿಗಳಾದ ಅನೀಸ್, ದಬೀರ್ ಮರ್ಸಿಯಾವನ್ನು ಬೆಳೆಸಿದ್ದು ಮುಸದ್ದಸ್‌ನಲ್ಲಿ, ಅಂದರೆ ಆರು ಸಾಲಿನ ಪದ್ಯದಲ್ಲಿ. ಮಿರ್ಜಾನ ಕಾಲಕ್ಕೆ ಆ ಕಟ್ಟು ಇನ್ನೂ ರೂಢಿಗೆ ಬಂದಿರಲಿಲ್ಲ. ಅವನ ಕಥೆಗೆ ಆರು ಸಾಲು ಒದಗಿಸಿದ್ದು ನಮ್ಮ ಷಟ್ಪದಿ.

ಹರಟೆಮಲ್ಲ: ನಮ್ಮ ಕಡೆ ಮೊಹರಮ್‌ನಲ್ಲಿ ಕನ್ನಡದಲ್ಲೇ ಕರ್ಬಲಾದ ಕಥೆಯ ರಿವಾಯತ್ ಪದ ಹಾಡುತ್ತಾರೆ. ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ. ಅವರ ಮುಂದೆ ನನ್ನ ಬೊಕ್ಕಸದ ಪದ್ಯ ಓದುವ ಧೈರ್ಯ ನನಗಿಲ್ಲ.

ಪೃಚ್ಛಕ: ಹಾಗಾದರೆ ಮುಂದಿನ ಸಮಸ್ಯೆಯೂ ಅದೇ ದಿಕ್ಕಿನದು. ಆದರೆ ಕರ್ಬಲಾ, ಹುಸೇನ್ ಎಂಬ ಹೆಸರುಗಳು ಪದ್ಯದಲ್ಲಿ ಬರುವಂತಿಲ್ಲ:

ಹೊಳೆಯ ದಡದಲಿ ನಿಂತವರು ಬಾಯಾರಿ ಮಡಿದಿಹರು