ತೀರ್ಪಿನ ದಿನದ ಭಯದ ಬಗ್ಗೆ ಕೇಳಿದ ತಂಗಿಗೆ

ಸ್ತೋತ್ರ ತಂಗಿ, ಗುಂಪಿನಲ್ಲಿರೋ ಎಲ್ಲರಿಗೂ ವಂದನೆ. ಭಾನುವಾರ ಮತ್ತಾಯ 25ರ ಪ್ರಸಂಗ ಕೇಳಿದ ಮೇಲೆ ನಿದ್ದೆ ಬರ್ತಿಲ್ಲ, ಆ ದಿನ ಕುರಿಗಳ ಕಡೆ ನಿಲ್ತೀನೋ ಆಡುಗಳ ಕಡೆ ನಿಲ್ತೀನೋ, ಈಗಿಂದ ಏನು ಮಾಡ್ಬೇಕು ಅಂತ ಕೇಳಿದ್ದೀಯ. ಸ್ವಲ್ಪ ಉದ್ದ ಆಗುತ್ತೆ, ಕೆಲಸ ಮುಗಿಸ್ಕೊಂಡು ಕೂತು ಕೇಳಮ್ಮ.

ಅಲ್ಲಿ ಕ್ರಿಸ್ತ ಅರಸನಾಗಿ ಬಂದು, ನೀತಿವಂತರನ್ನ ಕುರಿಗಳ ಹಾಗೆ ಬಲಗಡೆ, ಉಳಿದವರನ್ನ ಆಡುಗಳ ಹಾಗೆ ಎಡಗಡೆ ನಿಲ್ಲಿಸ್ತಾನೆ. ಆಗ ಆತ ಹೇಳೋದು ಆರು ಕೆಲಸ. ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಪರದೇಶಿಗೆ ಜಾಗ, ಬಟ್ಟೆ ಇಲ್ಲದವರಿಗೆ ಬಟ್ಟೆ, ರೋಗಿಯ ಆರೈಕೆ, ಸೆರೆಯಲ್ಲಿರೋರ ಭೇಟಿ. ಬಲಗಡೆ ನಿಂತವರು ‘ಹೌದು ಸ್ವಾಮಿ, ಮಾಡಿದ್ವಿ’ ಅನ್ನಲ್ಲ ನೋಡು. ‘ಯಾವಾಗ ಮಾಡಿದ್ವಿ?’ ಅಂತ ಆಶ್ಚರ್ಯಪಡ್ತಾರೆ. ಲೆಕ್ಕ ಇಟ್ಟವರಿಗೆ ನೆನಪಿರುತ್ತೆ, ಸ್ವಭಾವವೇ ಹಾಗೆ ಆಗಿಬಿಟ್ಟವರಿಗೆ ಎಲ್ಲಿ ನೆನಪಿರುತ್ತೆ? 1 ಯೋಹಾನ 4:17 ತೆಗೆದು ಓದು. ತೀರ್ಪಿನ ದಿನ ನಮಗೆ ಧೈರ್ಯ ಯಾಕೆ ಅಂದ್ರೆ, ಆತನು ಎಂಥವನೋ ಈ ಲೋಕದಲ್ಲಿ ನಾವೂ ಅಂಥವರು ಅನ್ನೋದಕ್ಕೆ. ಅಂದ್ರೆ ಸಿದ್ಧತೆ ಇಷ್ಟೇ, ನ್ಯಾಯ ತೀರಿಸೋನ ಹಾಗೇ ನಾವೂ ಆಗ್ತಾ ಹೋಗೋದು. ರಕ್ಷಣೆ ಕೃಪೆಯಿಂದಲೇ, ಅದನ್ನ ಇದರಿಂದ ಕೊಂಡುಕೊಳ್ಳೋಕೆ ಆಗಲ್ಲ. ಅದು ಗಟ್ಟಿ ಇರಲಿ ಮನಸ್ಸಲ್ಲಿ.

ಹಾಗೆ ಆಗೋದಕ್ಕೆ ಗಲಾತ್ಯ 5ರಲ್ಲಿ ಪವಿತ್ರಾತ್ಮನ ಫಲ ಅಂತ ಒಂಬತ್ತು ಗುಣ ಇವೆ. ಒಂಬತ್ತನ್ನೂ ಒಟ್ಟಿಗೆ ಹಿಡಿಯೋಕೆ ಹೋದವರು ಎರಡನೇ ವಾರಕ್ಕೆ ಕೈಬಿಡ್ತಾರೆ. ಆ ಪತ್ರ ಬರೆದ ಪೌಲ ‘ಫಲಗಳು’ ಅಂದಿಲ್ಲ, ‘ಫಲ’ ಅಂದಿದ್ದಾನೆ. ಒಂದು ಕಡೆ ಕಾಯಿ ಕಚ್ಚಿದ್ರೆ ಉಳಿದದ್ದೂ ಜೊತೆಗೇ ಬಲಿಯುತ್ತೆ. ಹಾಗಾಗಿ ತಿಂಗಳಿಗೆ ಒಂದೇ ಗುಣ ತಗೋ, ಅದೂ ನಿನಗೆ ಎಲ್ಲಿ ಹೆಚ್ಚು ಚುಚ್ಚುತ್ತೋ ಅಲ್ಲೇ. ದೀರ್ಘಶಾಂತಿ, ಅಂದ್ರೆ ತಾಳ್ಮೆ ಅಂತ ಇಟ್ಕೋ. ಮನೇಲಿ ವಯಸ್ಸಾದವರು ‘ಗ್ಯಾಸ್ ಆಫ್ ಮಾಡಿದ್ಯಾ?’ ಅಂತ ಮೂರನೇ ಸಲ ಕೇಳ್ತಾರೆ. ಮೊದಲನೇ ಸಲ ‘ಮಾಡಿದ್ದೀನಿ ಅತ್ತೆ’ ಅಂದಿರ್ತೀವಿ. ಮೂರನೇ ಸಲ ಮಾತು ಅದೇ, ದನಿ ಬೇರೆ. ಆ ಮೂರನೇ ಉತ್ತರ ಮೊದಲನೇದರ ದನೀಲೇ ಬರ್ಬೇಕು. ಅಭ್ಯಾಸ ಆಗೋದು ಅಲ್ಲಿ, ಚರ್ಚಿನ ಬೆಂಚಿನ ಮೇಲಲ್ಲ.

ರಾತ್ರಿ ಹತ್ತು ನಿಮಿಷ ಕೂತ್ಕೋ. ಮೊದಲು ದಿನಕ್ಕೆ ಸ್ತೋತ್ರ. ಆಮೇಲೆ ಬೆಳಿಗ್ಗೆಯಿಂದ ಗಂಟೆ ಗಂಟೆ ನೆನೆಸ್ಕೊಂಡು ಬಾ, ಆ ಒಂದು ಗುಣ ಎಲ್ಲಿ ನಿಂತಿತು, ಎಲ್ಲಿ ಜಾರಿತು ಅಂತ. ಕೊನೆಗೆ ನಾಳೆ ಅದೇ ಸಂದರ್ಭ ಎಷ್ಟು ಹೊತ್ತಿಗೆ ಬರಬಹುದು, ಆಗ ಏನು ಹೇಳ್ತೀಯ ಅಂತ ಒಂದೇ ಸಾಲು ಬರೆದಿಡು. 16ನೇ ಶತಮಾನದಲ್ಲಿ ಕಥೋಲಿಕರ ಸಂತ ಇಗ್ನೇಷಿಯಸ್ ಲೊಯೋಲ ಇದಕ್ಕೊಂದು ಕ್ರಮ ಹೇಳಿಕೊಟ್ಟರು. ದಿನಕ್ಕೆ ಎರಡು ಗೆರೆ ಎಳೆದು, ಹಿಡಿದ ಆ ಒಂದು ದೋಷ ಎಷ್ಟು ಸಲ ಬಂತೋ ಅಷ್ಟು ಚುಕ್ಕೆ ಇಟ್ಟು, ನಿನ್ನೆಗೆ ಹೋಲಿಸಿ ನೋಡೋದು. ತಪ್ಪಿದ ಕ್ಷಣವೇ ಎದೆ ಮೇಲೆ ಕೈ ಇಟ್ಕೋಬೇಕು, ಎದುರಿಗಿದ್ದವರಿಗೂ ಗೊತ್ತಾಗಲ್ಲ. ಬಹಳ ಒಳ್ಳೇ ಕ್ರಮ. ಆದ್ರೆ ಹತ್ತೂ ನಿಮಿಷ ತಪ್ಪು ಹುಡುಕೋದ್ರಲ್ಲೇ ಹೋದ್ರೆ ಕಣ್ಣು ಕ್ರಿಸ್ತನ ಮೇಲಿಂದ ತಪ್ಪಿ ನಮ್ಮ ಮೇಲೇ ನಿಲ್ಲುತ್ತೆ, ಭಯ ಇನ್ನೂ ಜಾಸ್ತಿ ಆಗುತ್ತೆ. ಅದಕ್ಕೇ ಸ್ತೋತ್ರ ಮೊದಲು ಅಂದೆ.

ಇನ್ನು ಬಾಕಿ ತೀರಿಸೋದು. ನಮ್ಮಲ್ಲಿ ಬಹಳ ಜನ ಎಡವೋದು ಇಲ್ಲೇ, ಫೋನ್ ಮಾಡ್ಬೇಕಾದ ಕಡೆ ಪ್ರಾರ್ಥನೆ ಮಾಡಿ ಸುಮ್ಮನಾಗ್ತಾರೆ. ಮತ್ತಾಯ 5ರಲ್ಲಿ ಸ್ವಾಮಿ ಹೇಳೋದು, ಕಾಣಿಕೆನ ಯಜ್ಞವೇದಿ ಹತ್ರವೇ ಬಿಟ್ಟು ಮೊದಲು ಹೋಗಿ ಒಂದಾಗು ಅಂತ. ‘ನಿಮಗೆ ಬೇಜಾರಾಗಿದ್ರೆ ಕ್ಷಮಿಸಿ’ ಅನ್ನೋದು ಕ್ಷಮೆ ಕೇಳಿದಂಗಲ್ಲ. ‘ನಾನು ಇಂಥಾ ಮಾತು ಅಂದೆ, ಅದು ತಪ್ಪು’ ಅಂತ ಹೆಸರಿಟ್ಟು ಹೇಳು, ‘ಯಾಕಂದ್ರೆ’ ಅಂತ ಸೇರಿಸ್ಬೇಡ. ದುಡ್ಡಿನ ವಿಷಯ ಆದ್ರೆ, ಯಾಜಕಕಾಂಡ 6ರ ಪ್ರಕಾರ ಮೋಸದಿಂದ ಇಟ್ಕೊಂಡಿದ್ದಕ್ಕೆ ಐದನೇ ಒಂದು ಪಾಲು ಸೇರಿಸಿ ಕೊಡ್ಬೇಕು, 5,000ಕ್ಕೆ 6,000. ಲೂಕ 19ರಲ್ಲಿ ಸುಂಕದವನಾದ ಜಕ್ಕಾಯ ನಾಲ್ಕರಷ್ಟು ಅಂದ, ಅಂದ್ರೆ 20,000. ಯಾರ ಬಗ್ಗೆಯಾದ್ರೂ ಸುಳ್ಳು ಸುದ್ದಿ ಒಂದು ಗುಂಪಿಗೆ ಕಳಿಸಿದ್ರೆ, ತಿದ್ದುಪಡಿನೂ ಅದೇ ಗುಂಪಿಗೆ ಹೋಗ್ಬೇಕು.

ಬೇರೆಯವರು ನಿನಗೆ ಮಾಡಿದ್ದು ಇದ್ರೆ ಮತ್ತಾಯ 18 ನೋಡು. ಅಲ್ಲಿ ಸ್ವಾಮಿ ಹೇಳಿದ ಸಾಮ್ಯದಲ್ಲಿ, ಅರಸನಿಂದ ಸಾಲ ಮನ್ನಾ ಆದ ಒಬ್ಬ ಸೇವಕ ತನ್ನ ಜೊತೆ ಸೇವಕನನ್ನ ಕ್ಷಮಿಸಲ್ಲ. ಆ ಜೊತೆ ಸೇವಕ ಇವನಿಗೆ ಕೊಡಬೇಕಾಗಿದ್ದು 100 ದೆನಾರಿ, 100 ದಿನದ ಕೂಲಿ. ಅದು ಸಣ್ಣ ಮೊತ್ತ ಅಲ್ಲ, ನಿನ್ನ ನೋವೂ ಸಣ್ಣದಲ್ಲ. ಆದ್ರೆ ಇವನಿಗೆ ಮನ್ನಾ ಆಗಿದ್ದು 10,000 ತಲಾಂತು, ತಲಾಂತಿಗೆ 6,000 ದೆನಾರಿ ಅಂದ್ರೂ 6 ಕೋಟಿ ದಿನದ ಕೂಲಿ. ಹಾಗಂತ ಹೊಡೆಯೋರ ಕೈಯಲ್ಲಿ ಸಿಕ್ಕಿಬಿದ್ದು ಇರೋದೇ ಕ್ಷಮೆ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡ. ಸುರಕ್ಷಿತವಾದ ಜಾಗಕ್ಕೆ ಹೋಗಿ ಅಲ್ಲಿಂದಲೂ ಕ್ಷಮಿಸಬಹುದು.

ಇವತ್ತು ರಾತ್ರಿ ಒಂದು ಚೀಟಿಯಲ್ಲಿ ಅಭ್ಯಾಸಕ್ಕೆ ಒಂದು ಗುಣ, ಬಾಕಿ ತೀರಿಸ್ಬೇಕಾದ ಇಲ್ಲಾ ಕ್ಷಮಿಸ್ಬೇಕಾದ ಒಬ್ಬರ ಹೆಸರು ಬರೆದು ಬೈಬಲ್ ಒಳಗೆ ಇಡು. ಪ್ರಾರ್ಥನಾಕೂಟಕ್ಕೆ ಬರುವಾಗ ತಗೊಂಡು ಬಾ, ಯಾರಿಗೂ ತೋರಿಸ್ಬೇಕಾಗಿಲ್ಲ. ಜೊತೆಗೆ ಕೂತು ಪ್ರಾರ್ಥಿಸೋಣ.