ಮನೆಯಲ್ಲಿ ತುಳು, ಕನ್ನಡ ಬಿಟ್ಟು ಇಂಗ್ಲಿಷ್ ಮಾತಾಡಬೇಕಾ?

ಪ್ರಶ್ನೆ:
ನಾನು ಪುತ್ತೂರಿನವಳು, ಗಂಡ ಧಾರವಾಡದವರು, ಮನೆ ಬೆಂಗಳೂರಲ್ಲಿ. ಮಗಳಿಗೆ ಮೂರು ವರ್ಷ ಎರಡು ತಿಂಗಳು. ನಾನು, ನನ್ನ ಅಮ್ಮ ಅವಳ ಜೊತೆ ತುಳು ಮಾತಾಡುತ್ತೇವೆ. ಗಂಡನದ್ದು ಕನ್ನಡ. ಪ್ಲೇ ಸ್ಕೂಲಿಗೆ ಸೇರಿಸಿ ಆರು ವಾರ ಆಯಿತು. ಅಲ್ಲಿ ಬಾಯೇ ಬಿಡುವುದಿಲ್ಲವಂತೆ. "ಮೂರು ಭಾಷೆ ಸೇರಿ ಮಗು ಕನ್‌ಫ್ಯೂಸ್ ಆಗಿದೆ, ಮನೆಯಲ್ಲೂ ಇಂಗ್ಲಿಷ್ ಮಾತಾಡಿ" ಅಂದರು ಮಿಸ್. ಮನೆಯಲ್ಲಿ ನೋಡಿದರೆ ಬಾಯಿ ಮುಚ್ಚುವುದಿಲ್ಲ, ಆದರೆ ಎಲ್ಲಾ ಕಲಸುಮೇಲೋಗರ. ನಿನ್ನೆ "ಎಂಕ್ ವಾಟರ್ ಬೋಡು" ಅಂದಳು, ನನಗೆ ನೀರು ಬೇಕು ಅಂತ. ಬೇಡ ಅನ್ನೋದಕ್ಕೂ ಅಜ್ಜಿ ಹತ್ತಿರ "ಬೊಡ್ಚಿ", ಅಪ್ಪನ ಹತ್ತಿರ "ಬ್ಯಾಡ". ಏನು ಮಾಡಲಿ?

ಉತ್ತರ 1:
ನಾನು ಮೈಸೂರಿನಲ್ಲಿ ಸ್ಪೀಚ್ ಥೆರಪಿಸ್ಟ್. ನೀವೇ ಬರೆದ ಕೊನೇ ಸಾಲು ಇನ್ನೊಮ್ಮೆ ಓದಿ. ಅಜ್ಜಿಗೆ ಬೊಡ್ಚಿ, ಅಪ್ಪನಿಗೆ ಬ್ಯಾಡ. ಯಾರಿಗೆ ಯಾವ ಮಾತು ಅಂತ ಮಗು ಲೆಕ್ಕ ಇಟ್ಟಿದೆ, ಅಲ್ವಾ? "ಎಂಕ್ ವಾಟರ್ ಬೋಡು" ಕೂಡ ಪಕ್ಕಾ ತುಳು ವಾಕ್ಯವೇ, ಒಂದು ಪದ ಮಾತ್ರ ಸಾಲ. ನಾವು "ಬಸ್ ಮಿಸ್ ಆಯ್ತು" ಅನ್ನುವುದಿಲ್ಲವಾ?

ಹೊಸ ಭಾಷೆಯ ಕ್ಲಾಸಿಗೆ ಹೋದ ಎಷ್ಟೋ ಮಕ್ಕಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸುಮ್ನೆ ಕೇಳಿಸಿಕೊಳ್ಳುತ್ತಾರೆ. ಎರಡು ವರ್ಷ ತುಂಬಿದರೂ ಯಾವ ಭಾಷೆಯಲ್ಲೂ ಎರಡು ಪದ ಜೋಡಿಸದಿದ್ದರೆ ತೋರಿಸಬೇಕು, ಮೊದಲು ಕಿವಿ ಪರೀಕ್ಷೆ. ಪದ ಎಣಿಸುವಾಗ ಎಲ್ಲಾ ಭಾಷೆಯದ್ದೂ ಸೇರಿಸಿ. ನೀವು ಬರೆದದ್ದರಲ್ಲಿ ನನಗೆ ಗಾಬರಿ ಆಗುವಂಥದ್ದು ಏನೂ ಕಾಣಲಿಲ್ಲ.

ಉತ್ತರ 2:
ಹೇಳೋದಕ್ಕೆ ಚೆನ್ನ. ಎಲ್‌ಕೆಜಿ ಸೀಟಿಗೆ ಹೋದಾಗ ಮಗುವಿನ ಹೆಸರನ್ನು ತುಳುವಲ್ಲಿ ಕೇಳುತ್ತಾರಾ? ನಾವು ಮನೆಯಲ್ಲಿ ಇಂಗ್ಲಿಷೇ.

ಉತ್ತರ 3:
ನಾವೂ ಅದನ್ನೇ ಮಾಡಿದೆವು. ನಮ್ಮ ಇಂಗ್ಲಿಷೋ ಅಷ್ಟಕ್ಕಷ್ಟೆ. ಕಥೆ ಹೇಳಲು ಕೂತರೆ "ದೇರ್ ವಾಸ್ ಎ ಕಿಂಗ್" ಆದಮೇಲೆ ಗಾಡಿ ಮುಂದೆ ಹೋಗುತ್ತಿರಲಿಲ್ಲ. ಬೈಗುಳ ಜಾಸ್ತಿ, ಮಾತು ಕಮ್ಮಿ. ಮಗನಿಗೆ ಈಗ ಒಂಬತ್ತು. ಹಾಸನದಿಂದ ನಮ್ಮಪ್ಪ ಫೋನ್ ಮಾಡಿದರೆ "ಊಟ ಆಯ್ತು ತಾತ" ಅಂದು ಫೋನನ್ನು ನನ್ನ ಕೈಗೆ ಕೊಡುತ್ತಾನೆ. ಇಂಗ್ಲಿಷ್ ಶಾಲೆಯಲ್ಲಿ ಹೇಗೂ ಬರುತ್ತಿತ್ತು. 2020ರ ಶಿಕ್ಷಣ ನೀತಿಯೇ ಸಾಧ್ಯವಾದಲ್ಲೆಲ್ಲ ಐದನೇ ಕ್ಲಾಸಿನವರೆಗಾದರೂ ಮನೆಮಾತಲ್ಲಿ ಪಾಠ ಮಾಡಿ ಅನ್ನುತ್ತದೆ. ನಾವು ಮನೆಯಿಂದಲೇ ಅದನ್ನು ಓಡಿಸಿದೆವು.

ಪ್ರಶ್ನೆ ಕೇಳಿದವಳು:
ಥ್ಯಾಂಕ್ಸ್. ಇವತ್ತು ಬಾಗಿಲ ಸಂದಿಯಿಂದ ನೋಡಿದೆ. ಗೊಂಬೆಗಳನ್ನು ಸಾಲಾಗಿ ಕೂರಿಸಿ "ಸಿಟ್ ಪ್ರಾಪರ್ಲಿ! ಫಿಂಗರ್ ಆನ್ ಲಿಪ್ಸ್!" ಅಂತ ಗದರುತ್ತಿದ್ದಳು, ಥೇಟ್ ಮಿಸ್ ಥರ. ಒಂದು ಗೊಂಬೆ ಕೆಳಗೆ ಬಿತ್ತು. ಎತ್ತಿಕೊಂಡು ಬೆನ್ನು ತಟ್ಟಿ "ಬುಲಿಪೊಡ್ಚಿ, ಬುಲಿಪೊಡ್ಚಿ" ಅಂದಳು. ಅಳಬೇಡ ಅಂತ.